ಕತ್ತಲೆಗವಿದ ಪರದೆ: ಒಂದು ವಿಚಾರ

ನಮ್ಮ ವಿದ್ಯಾಲಯದ ವಾರ್ಷಿಕ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಎಂದಿನಂತೆ ಷಟ್ಪದಿಯ ಲಕ್ಷಣವನ್ನೋ ಹಳಗನ್ನಡದ ವಿಭಕ್ತಿ ಪ್ರತ್ಯಯಗಳನ್ನೋ ಕುರಿತು ನಾನು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಹಿಂದಿನ ಹಲವು ಸಂಚಿಕೆಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಈ ಸಲ ಮಾತ್ರ ಹಾದಿ ತಪ್ಪುವ ಸ್ವಾತಂತ್ರ್ಯವನ್ನು ವಾಚಕ ಮಹಾಶಯರಲ್ಲಿ ಬೇಡಿಕೊಳ್ಳುತ್ತೇನೆ. ಹಳೆಯ ಗಣಕಯಂತ್ರವೊಂದರ ಪರದೆಯು ಕತ್ತಲೆಗವಿದಾಗ ಮಾಡತಕ್ಕುದೇನು, ಮಾಡಬಾರದುದೇನು ಎಂಬುದೇ ಈ ಲೇಖನದ ವಿಷಯ. ವ್ಯಾಕರಣ ಪಾಠ ಹೇಳುವವನಿಗೆ ಈ ಉಸಾಬರಿ ಏತಕ್ಕೆಂದು ಕೇಳುವವರು ಉಂಟು. ಆ ಕತ್ತಲೆಯಿಂದ ಪೆಟ್ಟು ತಿಂದವನು ನಾನು. ಅದೇ ಕತ್ತಲೆಯ ಹೆಸರಿನಲ್ಲಿ ಮತ್ತೊಬ್ಬರಿಗೆ ಪೆಟ್ಟು ಕೊಟ್ಟವನೂ ನಾನೇ. ಆದುದರಿಂದ ಬರೆಯುವ ಹಕ್ಕಲ್ಲದಿದ್ದರೂ ಬರೆಯುವ ಋಣ ನನಗಿದೆ.

ಕನ್ನಡ ವಿಭಾಗದ ಕೊಠಡಿಯಲ್ಲಿ 2010ರಲ್ಲಿ ಕೊಂಡ ಗಣಕಯಂತ್ರವೊಂದಿದೆ. ಮೇಜಿನ ಕೆಳಗೆ ಕಪ್ಪು ಪೆಟ್ಟಿಗೆ, ಮೇಲೆ 17 ಅಂಗುಲದ ಮಾನಿಟರು, ಅಕ್ಷರಗಳು ಸವೆದುಹೋದ ಕೀಲಿಮಣೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಹಾಕಿಸಿಕೊಂಡು, ಕೆ. ಪಿ. ರಾವ್ ಅವರ ಕೀಲಿವಿನ್ಯಾಸವನ್ನು ನಡುವಯಸ್ಸಿನಲ್ಲಿ ಬೆರಳುಗಳಿಗೆ ಕಲಿಸಿ, ನಾನು ಅದರಲ್ಲಿ ಒಂದು ಕೆಲಸವನ್ನು ಕೈಗೆತ್ತಿಕೊಂಡೆನು. ನಮ್ಮ ಸುತ್ತಣ ಹಳ್ಳಿಗಳ ಒಕ್ಕಲುತನದ ಮಾತುಗಳ ಸಂಗ್ರಹ ಅದು. ಕೂರಿಗೆ, ಕುಂಟೆ, ರಂಟೆಗಳ ಒಂದೊಂದು ಅವಯವದ ಹೆಸರು. ಕಣದಲ್ಲಿ ಮಾತ್ರ ಆಡುವ, ಮನೆಯೊಳಗೆ ಆಡದ ಮಾತುಗಳು. ಎತ್ತಿನ ಮೈಬಣ್ಣ, ಸುಳಿ, ಕೊಂಬುಗಳನ್ನು ಗುರುತಿಸುವ ಶಬ್ದಗಳು. ಮಳೆ ನಕ್ಷತ್ರಗಳನ್ನು ಕುರಿತ ನುಡಿಗಟ್ಟುಗಳು. ಹನ್ನೆರಡು ವರ್ಷಗಳ ಅವಧಿಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕು ಶಬ್ದಗಳು ಕೂಡಿಬಂದವು. ಅವುಗಳನ್ನು ಹೇಳಿದ ಹಿರಿಯರಲ್ಲಿ ಹೆಚ್ಚಿನವರು ಇಂದು ಇಲ್ಲ. ಬರೆದುಕೊಂಡ ಚೀಟಿಗಳು ಗೆದ್ದಲಿನ ಪಾಲಾದುದರಿಂದ, ಆ ಶಬ್ದಗಳಿಗೆಲ್ಲ ಉಳಿದಿದ್ದ ಮನೆ ಆ ಕಪ್ಪು ಪೆಟ್ಟಿಗೆಯೊಂದೇ.

ಎರಡನೆಯ ಪ್ರತಿಯನ್ನು ಏಕೆ ಮಾಡಿಟ್ಟಿರಲಿಲ್ಲವೆಂದು ಕೇಳುವಿರಿ. ಕೇಳಬೇಕಾದುದೇ. ಒಂದೇ ಒಂದು ಓಲೆಯ ಪ್ರತಿಯಲ್ಲಿ ಉಳಿದುಬಂದ ಗ್ರಂಥದ ಪಾಡೇನೆಂಬುದನ್ನು ಪ್ರತಿವರ್ಷವೂ ಮಕ್ಕಳಿಗೆ ವಿವರಿಸುವ ನಾನು, ನನ್ನ ಗ್ರಂಥಕ್ಕೆ ಎರಡನೆಯ ಓಲೆಯನ್ನು ಕೊಯ್ಯಲಿಲ್ಲ. ಇದಕ್ಕೆ ಸಮಾಧಾನ ನನ್ನಲ್ಲಿಲ್ಲ.

2024ರ ಶ್ರಾವಣದ ಒಂದು ಬೆಳಿಗ್ಗೆ, ಎಡೆಬಿಡದ ಜಿಟಿಜಿಟಿ ಮಳೆಯ ನಡುವೆ, ನಾನು ಎಂದಿನಂತೆ ಗುಂಡಿಯನ್ನು ಒತ್ತಿದೆನು. ಪೆಟ್ಟಿಗೆಯೊಳಗೆ ಫ್ಯಾನು ತಿರುಗಿತು. ಮಾನಿಟರಿನ ಮೇಲೆ ‘ನೋ ಸಿಗ್ನಲ್’ ಎಂಬ ಎರಡು ಮಾತುಗಳು ಕ್ಷಣಕಾಲ ತೋರಿ ಮರೆಯಾದವು. ಅಂಚಿನ ಪುಟ್ಟ ದೀಪವು ಹಸಿರಿನಿಂದ ಕಿತ್ತಳೆಗೆ ತಿರುಗಿತು. ಆ ಮೇಲೆ ಕತ್ತಲೆ. ನಾಲ್ಕು ಸಲ ಒತ್ತಿದೆನು, ಪೆಟ್ಟಿಗೆಯ ಬೆನ್ನು ತಟ್ಟಿದೆನು, ಮಾನಿಟರಿನ ನೆತ್ತಿಯನ್ನೂ ತಟ್ಟಿದೆನು. ಯಂತ್ರಕ್ಕೆ ಏಟು ಕೊಟ್ಟರೆ ಬುದ್ಧಿ ಬರುವುದೆಂಬ ನಂಬಿಕೆ ನಮ್ಮ ತಲೆಮಾರಿನವರಿಗೆ ರೇಡಿಯೋದ ಕಾಲದಿಂದ ಬಂದುದು.

ಪೇಟೆಯಿಂದ ದುರಸ್ತಿಯವನೊಬ್ಬನನ್ನು ಕರೆಸಲಾಯಿತು. ಆತನು ಕುಳಿತುಕೊಳ್ಳಲೂ ಇಲ್ಲ. ಗುಂಡಿಯನ್ನು ಒಂದು ಸಲ ಒತ್ತಿ, ಪರದೆಯನ್ನು ನೋಡಿ, ಮದರ್‌ಬೋರ್ಡ್ ಹೋಗಿದೆ, ಇಷ್ಟು ಹಳೆಯದಕ್ಕೆ ಬೇರೆಯದು ಸಿಗುವುದಿಲ್ಲ, ಇದನ್ನು ಕೊಟ್ಟು ಹೊಸದನ್ನು ತೆಗೆದುಕೊಳ್ಳಿರಿ ಎಂದನು. ಒಳಗಿರುವ ಬರೆಹದ ಗತಿಯೇನೆಂದು ಕೇಳಿದುದಕ್ಕೆ, ಹೋಯಿತೆಂದೇ ತಿಳಿಯಿರಿ ಎಂದನು. ಎರಡು ನಿಮಿಷಗಳಲ್ಲಿ ಹನ್ನೆರಡು ವರ್ಷಗಳ ತೀರ್ಪು ಮುಗಿಯಿತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲವೆಂಬುದನ್ನು ಇಲ್ಲಿ ಬರೆಯಲು ನನಗೆ ಸಂಕೋಚವಿಲ್ಲ.

ಮಾರನೆಯ ದಿನ ಗ್ರಂಥಾಲಯದ ಕೆಲಸಕ್ಕೆಂದು ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ನನ್ನ ಮುಖವನ್ನು ಕಂಡು ಕಾರಣ ಕೇಳಿದನು. ನಮ್ಮಲ್ಲಿಯೇ ಹತ್ತನೆಯ ತರಗತಿಯವರೆಗೆ ಓದಿ, ಮುಂದೆ ಡಿಪ್ಲೊಮಾ ಮುಗಿಸಿದವನು. ಸಂಧಿಪ್ರಕರಣದಲ್ಲಿ ಅವನಿಗೆ ಒಮ್ಮೆಯೂ ನಾನು ಹತ್ತಕ್ಕೆ ನಾಲ್ಕರ ಮೇಲೆ ಅಂಕ ಕೊಟ್ಟ ನೆನಪಿಲ್ಲ. ಅವನು ಯಂತ್ರದ ಮುಂದೆ ನೆಲದ ಮೇಲೆಯೇ ಕುಳಿತು, ಗುಂಡಿ ಒತ್ತಿ, ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟನು. ಒಂದು ನಿಮಿಷದ ಬಳಿಕ, “ಗುರುಗಳ, ಇದು ಸತ್ತಿಲ್ಲರಿ. ಮಾತು ನಿಂತೈತಿ, ಅಷ್ಟ” ಎಂದನು.

ಅವನು ಅಂದು ನಡೆಸಿದ ಪರೀಕ್ಷೆಯ ಕ್ರಮವನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಅದು ನನಗೆ ಅಪರಿಚಿತವಾದ ವಿದ್ಯೆಯೆನಿಸಲಿಲ್ಲ. ನಾನು ಗುರುಮುಖದಿಂದ ಕಲಿತ ತರ್ಕವೇ ಬೇರೊಂದು ವೇಷದಲ್ಲಿ ನನ್ನೆದುರು ನಡೆಯಿತು. ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದು ಅನ್ವಯ, ಬೆಂಕಿಯಿಲ್ಲದಲ್ಲೆಲ್ಲ ಹೊಗೆಯಿಲ್ಲದಿರುವುದು ವ್ಯತಿರೇಕ ಎಂದು ನಾವು ಕಂಠಪಾಠ ಮಾಡಿದ್ದೆವು. ಆ ಹುಡುಗನು ಕಚೇರಿಯಿಂದ ಚೆನ್ನಾಗಿದ್ದ ಮಾನಿಟರೊಂದನ್ನು ಅದರ ಕೇಬಲ್ ಸಹಿತ ತಂದು ನನ್ನ ಪೆಟ್ಟಿಗೆಗೆ ಜೋಡಿಸಿದನು, ಕತ್ತಲೆ. ನನ್ನ ಮಾನಿಟರನ್ನು ಅದರ ಕೇಬಲ್ ಸಹಿತ ಕಚೇರಿಯ ಪೆಟ್ಟಿಗೆಗೆ ಜೋಡಿಸಿದನು, ಚಿತ್ರ ಮೂಡಿತು. ದೋಷವು ಪರದೆಯಲ್ಲಿಲ್ಲ, ಕೇಬಲ್ಲಿನಲ್ಲಿಲ್ಲ, ಪೆಟ್ಟಿಗೆಯಲ್ಲಿದೆ ಎಂಬ ನಿರ್ಣಯವು ಐದು ನಿಮಿಷಗಳಲ್ಲಿ, ಒಂದು ತಿರುಪನ್ನೂ ಬಿಚ್ಚದೆ ಸಿದ್ಧವಾಯಿತು. ಮೊದಲು ಬಂದವನು ಮಾಡದೆ ಬಿಟ್ಟುದು ಇದನ್ನೇ. ಅವನಿಗೆ ಕತ್ತಲೆಯೆಂಬ ಹೊಗೆ ಕಂಡಿತು, ಮದರ್‌ಬೋರ್ಡ್ ಎಂಬ ಬೆಂಕಿಯನ್ನು ಊಹಿಸಿದನು. ಆದರೆ ಪರದೆಯ ಕತ್ತಲೆಗೆ ಹತ್ತು ಕಾರಣಗಳುಂಟು. ಹೇತುವೇ ವ್ಯಭಿಚರಿಸಿದ ಮೇಲೆ ಅನುಮಾನವು ನಿಲ್ಲುವುದೆಂತು?

ಇಲ್ಲಿ ಒಂದು ಮಾತು. ಮಾನಿಟರು ‘ನೋ ಸಿಗ್ನಲ್’ ಎಂದು ತೋರಿಸಿದರೆ, ಅಥವಾ ಅದರ ದೀಪವು ಕಿತ್ತಳೆ ಬಣ್ಣಕ್ಕೆ ತಿರುಗಿದರೆ, ಹೆಚ್ಚಿನ ಮಾನಿಟರುಗಳಲ್ಲಿ ಅದರ ಅರ್ಥ ‘ನಾನು ಬದುಕಿದ್ದೇನೆ, ನನಗೆ ಯಾರೂ ಏನನ್ನೂ ಹೇಳುತ್ತಿಲ್ಲ’ ಎಂದೇ. ದೀಪವೇ ಇಲ್ಲದಿದ್ದರೆ ಮಾತ್ರ ಮಾನಿಟರಿಗೆ ಬರುವ ವಿದ್ಯುತ್ತನ್ನು ಮೊದಲು ಶಂಕಿಸಬೇಕು. ನಾನು ಆ ಎರಡು ಇಂಗ್ಲಿಷ್ ಮಾತುಗಳನ್ನು ಮರಣವಾರ್ತೆಯೆಂದು ಓದಿದೆನು. ವಾಸ್ತವದಲ್ಲಿ ಅದು ಕುಶಲವಾರ್ತೆಯಾಗಿತ್ತು.

ಹುಡುಗನು ಆ ಮೇಲೆ ಕೀಲಿಮಣೆಯ ನಮ್‌ಲಾಕ್ ಕೀಲಿಯನ್ನು ಒತ್ತಿ ನೋಡಿದನು. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಯಂತ್ರದ ಬುದ್ಧಿ ನೆಟ್ಟಗಿದೆ, ಕೇವಲ ಚಿತ್ರವನ್ನು ಹೊರಗೆ ಕಳುಹುವ ಭಾಗ ಕೆಟ್ಟಿದೆ ಎಂದು ತಿಳಿಯಬಹುದಂತೆ. ನಮ್ಮದರಲ್ಲಿ ದೀಪ ಅಲುಗಲಿಲ್ಲ. ಎಂದರೆ, ಯಂತ್ರವು ಎದ್ದು ನಿಲ್ಲುವ ಮೊದಲೇ ಎಲ್ಲಿಯೋ ತೊಡರಿಕೊಂಡಿದೆ. “ಇದರ ಕೂಗು ಕೇಳಿರೇನರಿ?” ಎಂದನು. ಕೂಗೆಂದರೆ ಯಾವುದು? ಆಗ ಮಾತ್ರ ನನ್ನ ಕಿವಿ ತೆರೆಯಿತು. ಬಿಟ್ಟು ಬಿಟ್ಟು ಬರುತ್ತಿದ್ದ ಒಂದು ಉದ್ದನೆಯ ಬೀಪ್ ಧ್ವನಿಯನ್ನು ನಾನು ಹಿಂದಿನ ದಿನದಿಂದಲೂ ಕೇಳುತ್ತಲೇ ಇದ್ದೆನು. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಬಂದು ಮಾಡುವಾಗ ಯುಪಿಎಸ್ ಹೀಗೆಯೇ ಕೂಗುವುದರಿಂದ, ಅದರ ಗೋಳೆಂದೇ ತಿಳಿದು ಅಲಕ್ಷಿಸಿದ್ದೆನು. “ಯುಪಿಎಸ್ ಅಲ್ಲರಿ, ಪೆಟ್ಟಗಿನ ಒದರಾಕತ್ತೈತಿ” ಎಂದು ಅವನು ನಕ್ಕನು.

ಗಣಕಯಂತ್ರವು ಎಚ್ಚರಗೊಳ್ಳುವಾಗ ತನ್ನ ಅಂಗಾಂಗಗಳನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. ಆಗ ಕೊರತೆ ಕಂಡುಬಂದರೆ, ಪರದೆಯ ಮೇಲೆ ಬರೆದು ತೋರಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲವಾದುದರಿಂದ, ಒಳಗಿನ ಚಿಕ್ಕ ಸ್ಪೀಕರಿನಿಂದ ಕೂಗುತ್ತದೆ. ಅನೇಕ ಹಳೆಯ ಯಂತ್ರಗಳಲ್ಲಿ ಒಂದೇ ಒಂದು ಚಿಕ್ಕ ಬೀಪ್ ಬಂದರೆ ಕ್ಷೇಮ. ದೀರ್ಘ ಧ್ವನಿಯು ಮರುಕಳಿಸುತ್ತಿದ್ದರೆ ಬಹುಮಟ್ಟಿಗೆ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯ ಪಟ್ಟಿಯಲ್ಲಿ ತೊಂದರೆ. ಒಂದು ದೀರ್ಘ, ಎರಡು ಹ್ರಸ್ವ ಬಂದರೆ ಕೆಲವು ಜಾತಿಯ ಯಂತ್ರಗಳಲ್ಲಿ ಅದು ಚಿತ್ರದ ಕಾರ್ಡಿನ ದೂರು. ತಯಾರಕರಿಂದ ತಯಾರಕರಿಗೆ ಈ ಸಂಕೇತ ಬೇರೆಯಾಗುವುದರಿಂದ ಆಯಾ ಯಂತ್ರದ ಕೈಪಿಡಿಯನ್ನು ನೋಡುವುದು ಲೇಸು. ನನ್ನನ್ನು ನಾಚಿಸಿದ ಸಂಗತಿ ಬೇರೆ. ಮೂವತ್ತು ವರ್ಷಗಳಿಂದ ಮಕ್ಕಳ ಮುಂದೆ ಲಘು ಗುರುಗಳನ್ನು ಬೆರಳು ಮಡಿಸಿ ಎಣಿಸುತ್ತ ಬಂದವನ ಎದುರಿಗೇ ಯಂತ್ರವು ಗುರುವಿನ ಮೇಲೆ ಗುರುವನ್ನು ಉಚ್ಚರಿಸುತ್ತಿದ್ದಿತು, ನನಗೆ ಕೇಳಿಸಲಿಲ್ಲ.

ರ‍್ಯಾಮ್ ಕೆಟ್ಟರೆ ಪರದೆಯೇಕೆ ಕಪ್ಪಾಗಬೇಕೆಂದು ನನಗೆ ಮೊದಲು ಸಂಶಯವಾಯಿತು. ಯಂತ್ರವು ಏಳುವಾಗ ಸ್ಮೃತಿಯನ್ನು ಅಣಿಗೊಳಿಸಿಕೊಂಡ ಮೇಲೆಯೇ ಚಿತ್ರದ ಕೆಲಸಕ್ಕೆ ಕೈಹಚ್ಚುತ್ತದೆ. ಬರೆಯಲು ಹಲಗೆಯೇ ಇಲ್ಲದವನು ಅಕ್ಷರ ತಿದ್ದುವುದೆಲ್ಲಿ? ಹೀಗಾಗಿ ಸ್ಮೃತಿಯ ದೋಷವು ಕಣ್ಣಿನ ದೋಷದಂತೆ ತೋರಿಕೊಳ್ಳುತ್ತದೆ.

ಹುಡುಗನು ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಪೂರ್ತಿಯಾಗಿ ಕಿತ್ತನು. ಕಿತ್ತ ಮೇಲೆಯೂ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಒಳಗೆ ಉಳಿದಿರಬಹುದಾದ ವಿದ್ಯುತ್ತನ್ನು ಇಳಿಸಿದನು. ಪಕ್ಕದ ತಗಡನ್ನು ತೆಗೆದು, ಒಳಗಿನ ಬರಿಯ ಲೋಹವನ್ನು ಮುಟ್ಟಿ, ಮೈಯ ಮೇಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡನು. ಒಳಗೆ ಹದಿನಾಲ್ಕು ವರ್ಷಗಳ ಧೂಳು, ಎರಡು ಸತ್ತ ಜೀರುಂಡೆಗಳು, ಎಂದೋ ಕಳೆದುಹೋದ ನನ್ನ ಪೆನ್ನಿನ ಕ್ಯಾಪು. ಎರಡೂ ಬದಿಯ ಕೊಕ್ಕೆಗಳನ್ನು ಸರಿಸಿ, ಗೇಣುದ್ದಕ್ಕೆ ಸ್ವಲ್ಪ ಕಡಮೆಯಾದ ರ‍್ಯಾಮ್ ಪಟ್ಟಿಯನ್ನು ಮೇಲೆತ್ತಿದನು. ಅದರ ಅಂಚಿನಲ್ಲಿ ಬಂಗಾರದ ಬಣ್ಣದ ಹಲ್ಲುಗಳ ಸಾಲು. ತೇವದ ಗಾಳಿಗೆ ಅವು ಮಂಕಾಗಿದ್ದವು. ನನ್ನ ಮೇಜಿನ ಮೇಲಿದ್ದ, ಮಕ್ಕಳು ಪೆನ್ಸಿಲಿನ ಗೆರೆ ಅಳಿಸುವ ರಬ್ಬರನ್ನೇ ಎತ್ತಿಕೊಂಡು, ಆ ಹಲ್ಲುಗಳನ್ನು ಒಂದೇ ದಿಕ್ಕಿಗೆ ಮೃದುವಾಗಿ ಉಜ್ಜಿದನು. ರಬ್ಬರಿನ ಪುಡಿಯನ್ನು ಒಣ ಕುಂಚದಿಂದ ಸರಿಸಿದನು. ಬಾಯಿಂದ ಊದಬಾರದು, ಉಸಿರಿನ ತೇವ ತಗಲುತ್ತದೆ ಎಂದು ನನಗೆ ಎಚ್ಚರಿಕೆ ಹೇಳಿದನು. ಪಟ್ಟಿಯನ್ನು ಅದರ ಗಾಡಿಗೆ ಹೊಂದಿಸಿ, ಎರಡೂ ತುದಿಗಳಲ್ಲಿ ಕೊಕ್ಕೆ ‘ಟಕ್’ ಎನ್ನುವವರೆಗೆ ಒತ್ತಿದನು. ತಂತಿ ಚುಚ್ಚಿ ಗುಂಡಿ ಒತ್ತಿದನು. ಒಂದು ಲಘು. ಪರದೆ ಬೆಳಗಿತು.

ಖರ್ಚಾದುದು ಒಂದು ರಬ್ಬರಿನ ಮೂಲೆ.

ಕೇಶಿರಾಜನು ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ಸಂಧಿಪ್ರಕರಣವನ್ನು ಮೊದಲಿಗಿರಿಸಿದನು. ಅಂದಿನಿಂದ ನನಗೆ ಅದರ ನೆನಪು ಪದೇ ಪದೇ ಬರುತ್ತದೆ. ಪೂರ್ವಪದ ಶುದ್ಧ, ಉತ್ತರಪದ ಶುದ್ಧ. ಕೂಡುವಲ್ಲಿ ಮಾತ್ರ ಕೆಡುಕು. ಹಳೆಯ ಗಣಕಯಂತ್ರಗಳ ಕತ್ತಲೆಯಲ್ಲಿಯೂ ಎಷ್ಟೋ ಪಾಲು ಸಂಧಿದೋಷವೇ. ಮಾನಿಟರಿನಿಂದ ಪೆಟ್ಟಿಗೆಗೆ ಬರುವ ನೀಲಿ ತಲೆಯ ವಿಜಿಎ ಕೇಬಲ್ಲನ್ನು ನೋಡಿರಿ. ಮೂರು ಸಾಲುಗಳಲ್ಲಿ ಸಾಲಿಗೆ ಐದರಂತೆ ಹದಿನೈದು ಕಡ್ಡಿಗಳ ಜಾಗ ಅದರಲ್ಲಿ. ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ಕಡ್ಡಿ. ಅಡ್ಡಸಾಲು, ನೆಟ್ಟಸಾಲುಗಳ ತಾಳ ಹಿಡಿಯಲು ಒಂದೊಂದು. ತಾಳದ ಕಡ್ಡಿಯೇ ಬಾಗಿದರೆ ಚಿತ್ರವೇ ನಿಲ್ಲದು. ಬಣ್ಣದ ಕಡ್ಡಿ ಬಾಗಿದರೆ ಚಿತ್ರಕ್ಕೆ ಕಾಮಾಲೆ ಹಿಡಿದಂತಾಗುತ್ತದೆ. ಎರಡು ಪಕ್ಕದ ತಿರುಪುಗಳನ್ನು ಬಿಗಿಯದೆ ಬಿಟ್ಟರೆ ಕಸ ಗುಡಿಸುವಾಗ ಕಾಲು ತಗುಲಿ ಸಡಿಲವಾಗುತ್ತದೆ. ಸಾಲಿನ ನಡುವೆ ಒಂದು ಕಡ್ಡಿ ಇಲ್ಲದುದನ್ನು ಕಂಡು ಮುರಿಯಿತೆಂದು ಗಾಬರಿಯಾಗಬೇಡಿರಿ. ಒಂಬತ್ತನೆಯ ಕಡ್ಡಿಯನ್ನು ಎಷ್ಟೋ ಕೇಬಲ್ಲುಗಳಲ್ಲಿ ತಯಾರಿಸುವಾಗಲೇ ಬಿಟ್ಟಿರುತ್ತಾರೆ.

ಇನ್ನೊಂದು ಸಂಧಿ ಮೋಸದ್ದು. ಕೆಲವು ಪೆಟ್ಟಿಗೆಗಳ ಬೆನ್ನಿನಲ್ಲಿ ಚಿತ್ರದ ತೂತುಗಳು ಎರಡಿರುತ್ತವೆ: ಒಂದು ಮದರ್‌ಬೋರ್ಡಿನದು, ಮತ್ತೊಂದು ಪ್ರತ್ಯೇಕವಾಗಿ ಕೂಡಿಸಿದ ಕಾರ್ಡಿನದು. ಕಾರ್ಡು ಇರುವಾಗ ಅನೇಕ ಯಂತ್ರಗಳು ಮೊದಲಿನದನ್ನು ತಾವೇ ಮುಚ್ಚಿಬಿಡುತ್ತವೆ. ಸುಣ್ಣ ಬಳಿಯುವಾಗ ಎಲ್ಲವನ್ನೂ ಕಿತ್ತು, ಮತ್ತೆ ಜೋಡಿಸುವಾಗ ಮುಚ್ಚಿದ ತೂತಿಗೆ ಕೇಬಲ್ಲು ಸಿಕ್ಕಿಸಿ, ಅಂಕಗಳನ್ನು ಕಳುಹಿಸಬೇಕಾದ ದಿನ ತಾಲ್ಲೂಕಿನಿಂದ ಆಳು ಕರೆಸಿ ಹಣ ತೆತ್ತ ಶಾಲೆಯೊಂದನ್ನು ನಾನು ಬಲ್ಲೆ. ಬಂದವನು ಕೇಬಲ್ಲನ್ನು ನಾಲ್ಕು ಅಂಗುಲ ಕೆಳಗಿನ ತೂತಿಗೆ ಬದಲಿಸಿ ಹೋದನಂತೆ.

ಉಳಿದ ಕಾರಣಗಳನ್ನು ಚುಟುಕಾಗಿ ಹೇಳುತ್ತೇನೆ. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂತಹ 3 ವೋಲ್ಟಿನ ಸೆಲ್ ಒಂದಿರುತ್ತದೆ. ಯಂತ್ರ ನಿಂತಾಗಲೂ ದಿನಾಂಕವನ್ನು ನೆನಪಿಡುವುದು ಅದರ ಬಲದಿಂದ. ಅದರ ಹೆಸರು ಸಿಆರ್ 2032. ಹೆಸರಿನಲ್ಲಿಯೇ ಅಳತೆಯಿದೆ: 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಇಂತಹ ಅನ್ವರ್ಥನಾಮಗಳನ್ನು ಕಂಡರೆ ನನ್ನಂತಹವನಿಗೆ ಸಂತೋಷ. ಅದನ್ನು ತಂತಿ ಕಿತ್ತ ಸ್ಥಿತಿಯಲ್ಲಿ ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಕೂಡಿಸಿದರೆ, ಕದಡಿಹೋದ ಮೂಲ ವ್ಯವಸ್ಥೆಗಳು ಮೊದಲಿನ ಸ್ಥಿತಿಗೆ ಬಂದು ಪರದೆ ತೆರೆಯುವುದುಂಟು. ಫ್ಯಾನು ತಿರುಗುತ್ತಿದ್ದರೂ, ಪ್ರೊಸೆಸರಿಗೆಂದೇ ಬರುವ ನಾಲ್ಕು ತಂತಿಗಳ 12 ವೋಲ್ಟಿನ ಕೊಂಡಿ ಸಡಿಲವಾಗಿದ್ದರೆ ಯಂತ್ರ ಏಳದು. ಫ್ಯಾನೇ ತಿರುಗದಿದ್ದರೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯತ್ತ ನೋಡಬೇಕು. ಚಿತ್ರವು ಅತಿ ಮಸುಕಾಗಿದೆಯೇ ಎಂಬುದನ್ನು ಕತ್ತಲೆಯ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚು ಹಿಡಿದು ಪರೀಕ್ಷಿಸಬಹುದು. ನೆರಳಿನಂತೆ ಅಕ್ಷರಗಳು ಕಂಡರೆ, ಕೆಟ್ಟಿರುವುದು ಪರದೆಯ ಹಿಂದಣ ಬೆಳಕು ಮಾತ್ರ.

ನಿಜವಾಗಿಯೇ ಸತ್ತ ಯಂತ್ರಗಳೂ ಇವೆ. ಒಳಗೆ ಸಿಲಿಂಡರಿನಾಕಾರದ ಪುಟ್ಟ ಕೆಪ್ಯಾಸಿಟರುಗಳ ನೆತ್ತಿ ಉಬ್ಬಿ, ಕಂದು ರಸ ಒಸರಿದ್ದರೆ, ಅಲ್ಲಿ ರಬ್ಬರಿನ ಮಹಿಮೆ ನಡೆಯದು. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಬಹಳ ಬೋರ್ಡುಗಳಿಗೆ, ಒಳಗಿನ ದ್ರವದ ದೋಷದಿಂದ, ಈ ರೋಗ ಜಗತ್ತಿನಾದ್ಯಂತ ಬಂದಿತ್ತು. ಕೂಗೂ ಇಲ್ಲದೆ, ರ‍್ಯಾಮ್ ಬದಲಿಸಿದರೂ, ಎಸ್‌ಎಂಪಿಎಸ್ ಬದಲಿಸಿದರೂ ಮಿಸುಕದ ಯಂತ್ರಕ್ಕೆ ಹಣ ಸುರಿಯುವುದು ಜಾಣತನವಲ್ಲ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಅಧ್ಯಾಪಕರಾಗಲಿ ಮಕ್ಕಳಾಗಲಿ ಬಿಚ್ಚಕೂಡದು. ಹಿಂದಿನ ಡೊಳ್ಳು ಹೊಟ್ಟೆಯ ಗಾಜಿನ ಮಾನಿಟರುಗಳನ್ನಂತೂ ಎಂದಿಗೂ ಬಿಚ್ಚಕೂಡದು. ಅವುಗಳ ಒಳಗೆ 20,000 ವೋಲ್ಟಿಗೂ ಮಿಕ್ಕ ವಿದ್ಯುತ್ತು ಏರುತ್ತದೆ, ತಂತಿ ಕಿತ್ತ ಮೇಲೆಯೂ ಅದು ಅಡಗಿ ಕುಳಿತಿರಬಲ್ಲದು.

ಇನ್ನು ಕಹಿಯಾದ ಮಾತಿಗೆ ಬರುತ್ತೇನೆ. 2019ರಲ್ಲಿ ನಮ್ಮ ಗಣಕಯಂತ್ರ ಕೊಠಡಿಯ ಹನ್ನೊಂದು ಯಂತ್ರಗಳನ್ನು ‘ಪರದೆ ಬರುವುದಿಲ್ಲ, ನಿರುಪಯುಕ್ತ’ ಎಂದು ಬರೆದು ದಾಸ್ತಾನು ಪುಸ್ತಕದಿಂದ ತೆಗೆದುಹಾಕಲಾಯಿತು. ಪರಿಶೀಲನಾ ಸಮಿತಿಯ ಮೂವರಲ್ಲಿ ಹಿರಿಯ ಅಧ್ಯಾಪಕನೆಂದು ನಾನೂ ಒಬ್ಬನು. ನಾವು ಪರಿಶೀಲಿಸಿದುದು ಪಟ್ಟಿಯನ್ನೇ ಹೊರತು ಯಂತ್ರಗಳನ್ನಲ್ಲ. ಗುಜರಿಯವನು ತಕ್ಕಡಿ ತಂದು ಕಬ್ಬಿಣದ ದರದಲ್ಲಿ ತೂಗಿಕೊಂಡು ಹೋದನು. ಗಾಜಿನ ಮಾನಿಟರುಗಳಲ್ಲಿ ಸೀಸವಿರುತ್ತದೆ, ಅವುಗಳನ್ನು ಗುಜರಿಗೆ ಹಾಕಬಾರದು, ವಿದ್ಯುನ್ಮಾನ ತ್ಯಾಜ್ಯಕ್ಕೆಂದೇ ನಿಯಮಗಳಿವೆ ಎಂಬ ಅರಿವೂ ನಮಗೆ ಅಂದು ಇರಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರವಂತೂ ಇಂತಹ ವಸ್ತುಗಳು ನೋಂದಾಯಿತ ಸಂಸ್ಕರಣದವರ ಕೈಗೇ ಸೇರಬೇಕು. ಆ ಹನ್ನೊಂದರಲ್ಲಿ ಎಷ್ಟು ಸತ್ತಿದ್ದವು, ಎಷ್ಟು ಕೇವಲ ಮಾತು ನಿಲ್ಲಿಸಿದ್ದವು ಎಂಬುದನ್ನು ಇನ್ನು ಯಾರೂ ಹೇಳಲಾರರು.

ಅವುಗಳಲ್ಲಿ ಒಂದರ ಪಕ್ಕದ ತಗಡಿನ ಮೇಲೆ ಬಿಳಿಯ ಬಣ್ಣದಲ್ಲಿ ಒಬ್ಬ ತಾಯಿಯ ಹೆಸರು ಬರೆದಿದ್ದಿತು. ಆಕೆ ಅಕ್ಷರ ಕಲಿತವರಲ್ಲ. ಆಕೆಯ ಮಗ, ನಮ್ಮ ಹಳೆಯ ವಿದ್ಯಾರ್ಥಿ, ತನ್ನ ಮೊದಲ ವರ್ಷದ ಸಂಬಳವನ್ನು ಕೂಡಿಸಿ ಆಕೆಯ ಸ್ಮರಣಾರ್ಥ ಕೊಟ್ಟ ಯಂತ್ರ ಅದು. ಕಳೆದ ವಾರ್ಷಿಕೋತ್ಸವಕ್ಕೆ ಆತನು ಮಗಳೊಡನೆ ಬಂದಿದ್ದನು. ಅಜ್ಜಿಯ ಹೆಸರಿನ ಗಣಕಯಂತ್ರವನ್ನು ಮಗುವಿಗೆ ತೋರಿಸಬೇಕೆಂದು ನನ್ನನ್ನೇ ಕೇಳಿದನು. ಹಳೆಯದಾಯಿತು ತಮ್ಮಾ, ತೆಗೆದುಹಾಕಿದೆವು ಎಂದೆನು. “ಹೌದಾ ಸರ್, ಇರಲಿ ಬಿಡ್ರಿ” ಎಂದು ಆತನು ಮಗುವಿನ ಕೈ ಹಿಡಿದುಕೊಂಡು ಪ್ರಸಾದ ನಿಲಯದತ್ತ ನಡೆದನು. ಆತನು ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಈ ಹಿನ್ನೆಲೆಯಲ್ಲಿ ನನ್ನ ಅಭಿಪ್ರಾಯವನ್ನು ಸಹೋದ್ಯೋಗಿಗಳ ಮುಂದೆಯೂ ದಾನಿಗಳ ಮುಂದೆಯೂ ಸ್ಪಷ್ಟವಾಗಿ ಇಡುತ್ತೇನೆ. ಪರದೆ ಬಾರದ ಯಾವ ಯಂತ್ರವನ್ನೂ, ಬೇರೆ ಮಾನಿಟರು, ಬೇರೆ ಕೇಬಲ್, ಬೇರೆ ರ‍್ಯಾಮ್ ಇಟ್ಟು ನೋಡಿದ ದಾಖಲೆಯಿಲ್ಲದೆ, ದಾಸ್ತಾನು ಪುಸ್ತಕದಿಂದ ತೆಗೆಯಕೂಡದು. ‘ನಿರುಪಯುಕ್ತ’ ಎಂಬ ಒಂದು ಪದಕ್ಕೆ ರುಜು ಹಾಕುವವನು ಆ ಪದದ ಅರ್ಥವನ್ನು ತಾನೇ ಕಂಡಿರಬೇಕು. ದಾನಿಗಳಲ್ಲಿ ನನ್ನ ಪ್ರಾರ್ಥನೆ ಬೇರೆ ಬಗೆಯದು. ತಾವು ಹೊಸ ಯಂತ್ರಗಳನ್ನು ಕೊಡುತ್ತೀರಿ. ರಿಬ್ಬನ್ ಕತ್ತರಿಸುತ್ತೇವೆ, ಭಾವಚಿತ್ರ ತೆಗೆಸುತ್ತೇವೆ. ಎರಡು ಕೇಬಲ್, ನಾಲ್ಕು ಸೆಲ್, ಒಂದು ಹೆಚ್ಚಿನ ಎಸ್‌ಎಂಪಿಎಸ್ ಕೊಡಿಸಿದ ದಾನಿಯ ಹೆಸರನ್ನು ಯಾವ ಕಲ್ಲಿನ ಮೇಲೂ ಕೆತ್ತಿದ್ದನ್ನು ನಾನು ಕಂಡಿಲ್ಲ. ಗುಡಿ ಕಟ್ಟಿಸಿದವನಿಗೆ ಶಾಸನವುಂಟು, ದೀಪಕ್ಕೆ ಎಣ್ಣೆ ದತ್ತಿ ಬಿಟ್ಟವನಿಗೂ ನಮ್ಮ ಹಿರಿಯರು ಶಾಸನ ಹಾಕಿಸಿದ್ದರು. ಆ ಎರಡನೆಯ ಪದ್ಧತಿಯನ್ನು ನಾವು ಮರೆತಿದ್ದೇವೆ.

ಹಳೆಯದನ್ನು ಹಿಡಿದು ಕುಳಿತರೆ ಮಕ್ಕಳು ಹಿಂದೆ ಬೀಳುವುದಿಲ್ಲವೇ ಎಂದು ನಮ್ಮ ವಿಜ್ಞಾನ ಶಿಕ್ಷಕರು ಆಕ್ಷೇಪಿಸುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ನನ್ನ ಯಂತ್ರದಲ್ಲಿರುವ ವಿಂಡೋಸ್ 7ಕ್ಕೆ ಅದರ ತಯಾರಕರು 2020ರ ಜನವರಿಯಲ್ಲಿಯೇ ರಕ್ಷಣೆಯ ತಿದ್ದುಪಡಿಗಳನ್ನು ನಿಲ್ಲಿಸಿದರು. ಅಂತಹ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸುವುದು ತಪ್ಪು, ಅದರಲ್ಲಿ ಹಣದ ವ್ಯವಹಾರ ಮಾಡುವುದು ಇನ್ನೂ ತಪ್ಪು. ಆದರೆ ಬೆರಳಚ್ಚು ಕಲಿಯಲು, ಬರೆದುದನ್ನು ತಿದ್ದಲು ಅದು ಸಾಲದೆ? ಅದಕ್ಕಿಂತಲೂ, ಬಿಚ್ಚಿ ನೋಡಿ ಕಲಿಯಲು ಹಳೆಯ ಯಂತ್ರದಷ್ಟು ಒಳ್ಳೆಯ ಪಠ್ಯ ಬೇರೊಂದಿಲ್ಲ. ಕೈಯಲ್ಲಿ ಹಿಡಿಯುವ ಮೊಬೈಲನ್ನು ಯಾವ ಹುಡುಗನೂ ಶಾಲೆಯಲ್ಲಿ ಬಿಚ್ಚಲಾರನು. ಈ ಪೆಟ್ಟಿಗೆಯನ್ನು ಒಂದೆರಡು ತಿರುಪಿನಲ್ಲಿ ತೆರೆಯಬಹುದು. ಸ್ಮೃತಿ ಇದು, ಬುದ್ಧಿ ಇದು, ಭಂಡಾರ ಇದು ಎಂದು ಬೆರಳಿಟ್ಟು ತೋರಿಸಬಹುದು. ಜನರು ಇಡಿಯ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತಾರಲ್ಲ, ಸಿಪಿಯು ಎಂಬುದು ಒಳಗಿನ ಅಂಗೈಗಿಂತ ಚಿಕ್ಕದಾದ ಬಿಲ್ಲೆಯೆಂಬುದು ನನಗೆ ಗೊತ್ತಾದುದೂ ಅಂದೇ.

ಆ ಭಂಡಾರದ ವಿಷಯದಲ್ಲಿ ದುರಸ್ತಿಯವನು ಹೇಳಿದ ಮಾತು ಎರಡನೆಯ ಸಲವೂ ತಪ್ಪಾಗಿತ್ತು. ಬರೆಹಗಳು ಇರುವುದು ಹಾರ್ಡ್‌ಡಿಸ್ಕಿನಲ್ಲಿ. ಪರದೆ ಕತ್ತಲಾದರೂ, ಮದರ್‌ಬೋರ್ಡೇ ಸುಟ್ಟರೂ, ಡಿಸ್ಕು ಸರಿಯಿದ್ದರೆ ಅದನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ಈ ಒಂದು ವಾಕ್ಯ ನನಗೆ ತಿಳಿದಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು. ಯಂತ್ರವನ್ನು ಗುಜರಿಗೆ ಕೊಡುವವರು ಡಿಸ್ಕನ್ನೂ ಅದರೊಡನೆ ಕೊಟ್ಟುಬಿಡುತ್ತಾರೆ. ತಮ್ಮ ಬರೆಹ ಕಳೆದುಕೊಳ್ಳುವುದಷ್ಟೇ ಅಲ್ಲ, ಮಕ್ಕಳ ಹೆಸರು ವಿಳಾಸಗಳನ್ನೂ ಪರರ ಕೈಗೆ ಒಪ್ಪಿಸುತ್ತಾರೆ. ಇದನ್ನು ನಮ್ಮ ಕಚೇರಿಯವರು ಗಮನಿಸಬೇಕು.

ನನ್ನ ಶಬ್ದಸಂಗ್ರಹದ ಪ್ರತಿಗಳು ಈಗ ಮೂರಾಗಿವೆ: ಒಂದು ಗ್ರಂಥಾಲಯದಲ್ಲಿ, ಒಂದು ನನ್ನ ಮನೆಯಲ್ಲಿ, ಒಂದು ಆ ಹುಡುಗನ ಬಳಿ. ನುಡಿಯ ಹಳೆಯ ಅಕ್ಷರರೂಪದಲ್ಲಿದ್ದುದನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನೂ ಅವನೇ ನಡೆಸಿದ್ದಾನೆ. ಹಳೆಯ ರೂಪದಲ್ಲಿ, ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ, ‘ಕೂರಿಗೆ’ಯ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ, ಪರದೆ ಬೆಳಗುತ್ತಿದ್ದರೂ ಕನ್ನಡಕ್ಕೆ ಅದು ಕತ್ತಲೆಯೇ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಲವೆಡೆ ತಪ್ಪುತ್ತವೆ. ಅವನು ಕಳುಹಿಸುತ್ತಾನೆ, ನಾನು ತಿದ್ದುತ್ತೇನೆ. ಅವನ ಸಂಧಿಜ್ಞಾನದ ಬಗೆಗೆ ನಾನು ಕೊಟ್ಟ ಅಂಕಗಳನ್ನು ಮರುಪರಿಶೀಲಿಸುವ ಅವಕಾಶ ನಿಯಮಗಳಲ್ಲಿಲ್ಲ.

ಗಣಕಯಂತ್ರ ಕೊಠಡಿಯ ಹಿಂದಣ ಉಗ್ರಾಣದಲ್ಲಿ ಇನ್ನೂ ನಾಲ್ಕು ಯಂತ್ರಗಳು ಗೋಣಿತಟ್ಟು ಹೊದ್ದು ಕುಳಿತಿವೆ. ಅವುಗಳ ಹೆಸರೂ ಈ ವರ್ಷದ ಪಟ್ಟಿಯಲ್ಲಿದ್ದಿತು. ನಾನು ರುಜು ಹಾಕಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವುಗಳನ್ನು ಒಂದೊಂದಾಗಿ ತೆರೆಯಲು ನಿಶ್ಚಯಿಸಿದ್ದೇವೆ. ಬಲ್ಲ ಹಳೆಯ ವಿದ್ಯಾರ್ಥಿಗಳು ಬರಬೇಕು. ಚೆನ್ನಾಗಿರುವ ಒಂದು ವಿಜಿಎ ಕೇಬಲ್ಲು, ಒಂದು ಒಣ ಕುಂಚ, ಪೆನ್ಸಿಲಿನ ಗೆರೆ ಅಳಿಸುವ ಒಂದು ರಬ್ಬರು, ಇವನ್ನು ತಂದರೆ ಉಪಕಾರವಾದೀತು. ತಿರುಪುಳಿ ನನ್ನಲ್ಲಿದೆ.